ಬೆಂಗಳೂರು ಮುಳುಗಿತಾ? ಊಟದ ಪಂಕ್ತಿಯಲ್ಲಿ ಕಂಡ ಲೆಕ್ಕ

ನಮ್ಮ ಮನೆಯಲ್ಲಿ ಏನೇ ಕಾರ್ಯವಿದ್ದರೂ ಕೋಸಂಬರಿಯಿಂದ ಹುಳಿಯವರೆಗೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಒಬ್ಬಟ್ಟು ಬರುವ ಹೊತ್ತಿಗೆ ಬೆಂಗಳೂರು ಮುಳುಗಲು ಶುರುವಾಗುತ್ತದೆ.

ಅಕ್ಕನ ಮಗುವಿನ ನಾಮಕರಣದಲ್ಲೂ ಅದೇ ಆಯಿತು. ಭಾವ ಬೆಳ್ಳಂದೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಎಡಗೈಯಲ್ಲಿ ಫೋನ್ ಹಿಡಿದು, "ನೋಡಿ ಮಾವ, ಗೂಗಲ್‌ನವರು ವಿಶಾಖಪಟ್ಟಣಕ್ಕೆ ಹೋದ್ರು. ಹದಿನೈದು ಬಿಲಿಯನ್ ಡಾಲರ್. ನಮ್ಮೋರು ಇಲ್ಲಿ ಗುಂಡಿ ಮುಚ್ಚಕ್ಕೂ ಆಗ್ದೆ ಕೂತಿದಾರೆ" ಅಂದರು. ದೊಡ್ಡಪ್ಪ ಎಚ್‌ಎಂಟಿಯಲ್ಲಿ ದುಡಿದು ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ತಗೊಂಡವರು. "ಎಲ್ಲಾ ಬಿಟ್ಟಿ ಭಾಗ್ಯದ ಮಹಿಮೆ" ಅಂದರು. ಚಿಕ್ಕಪ್ಪನ ಮಗ ತುರುವೇಕೆರೆ ಕಡೆಯಿಂದ ಬಂದು, ಲಗ್ಗೆರೆಯಲ್ಲಿ ಮನೆ ಮಾಡಿಕೊಂಡು ಕ್ಯಾಬ್ ಓಡಿಸುತ್ತಾನೆ. ಅವನು ಬಿಡುತ್ತಾನಾ? "ದುಡ್ಡೆಲ್ಲ ದಿಲ್ಲಿಗೆ ಹೋದ್ರೆ ಇಲ್ಲೇನು ಉಳಿಯುತ್ತೆ ದೊಡ್ಡಪ್ಪ?" ಅಂದ. ಮೂರು ಬಾಯಿ, ಮೂರು ಪಕ್ಷ. ದೊಡ್ಡಮ್ಮ ಬಂದು "ತಿನ್ನೋ ಹೊತ್ತಲ್ಲಾದ್ರೂ ಸುಮ್ನಿರ್ರಿ" ಅನ್ನುವವರೆಗೂ ನಡೆಯಿತು. ಅಂದ ಹಾಗೆ ದೊಡ್ಡಮ್ಮ ಅದೇ ಬಿಟ್ಟಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಮೂರು ಸಲ ಹೋಗಿ ಬಂದಿದ್ದಾರೆ. ದೊಡ್ಡಪ್ಪ ಆ ಪ್ರಸಾದ ಬೇಡ ಅಂದಿದ್ದನ್ನ ನಾನಂತೂ ನೋಡಿಲ್ಲ.

ನಾನು ಅಲ್ಲಿ ಬಾಯಿ ಬಿಡಲಿಲ್ಲ. ಆದರೆ ಮನೆಗೆ ಬಂದ ಮೇಲೂ ತಲೆಯಲ್ಲಿ ಅದೇ ಓಡುತ್ತಿತ್ತು. ಮೂವರೂ ಬೆಂಗಳೂರು ಅಂತಲೇ ಅಂದರು. ಆದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಇದ್ದದ್ದು ಒಂದೊಂದು. ಊರು ದುಡಿಯುತ್ತಾ ಇದೆಯಾ ಅನ್ನೋದು ಒಂದು ಪ್ರಶ್ನೆ. ಊರನ್ನ ಯಾರಾದರೂ ನೆಟ್ಟಗೆ ನಡೆಸುತ್ತಾ ಇದ್ದಾರಾ ಅನ್ನೋದು ಇನ್ನೊಂದು. ದುಡಿದಿದ್ದರಲ್ಲಿ ನಮ್ಮ ಮನೆಗೆ ಎಷ್ಟು ಬಂತು ಅನ್ನೋದು ಬೇರೆಯೇ. ಇವಷ್ಟನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದರೆ ಜಗಳ ಆಗದೆ ಇನ್ನೇನಾಗುತ್ತೆ.

ಮೊದಲು ಗೂಗಲ್ ವಿಚಾರ ಮುಗಿಸೋಣ. 2025ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಐದು ವರ್ಷದಲ್ಲಿ 15 ಬಿಲಿಯನ್ ಡಾಲರ್ ಹಾಕುತ್ತೇವೆ ಅಂತ ಕಂಪನಿ ಹೇಳಿದ್ದು ನಿಜ. ಆದರೆ ಅಲ್ಲಿ ಕಟ್ಟುವುದು ಡೇಟಾ ಸೆಂಟರ್. ಅದಕ್ಕೆ ಬೇಕಾದ್ದು ದೊಡ್ಡ ಜಾಗ, ಹಗಲು ರಾತ್ರಿ ಕರೆಂಟು, ನೀರು, ಸಮುದ್ರದಡಿಯ ಕೇಬಲ್ ಬಂದು ದಡ ಸೇರುವ ಊರು. ನಮ್ಮದು ಸಮುದ್ರದಿಂದ 900 ಮೀಟರ್ ಎತ್ತರದಲ್ಲಿರುವ ಊರು. ಕುಡಿಯುವ ನೀರನ್ನೇ ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುತ್ತೇವೆ. ಆ ಪಂದ್ಯದಲ್ಲಿ ನಾವು ಓಡುತ್ತಲೇ ಇರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ಗೂಗಲ್ ಮಹದೇವಪುರದಲ್ಲಿ 'ಅನಂತ' ಅನ್ನೋ ದೊಡ್ಡ ಕ್ಯಾಂಪಸ್ ತೆರೆಯಿತು. ಜನ ಕೂತು ಕೆಲಸ ಮಾಡುವ ಜಾಗ ಅದು. ಆ ಸುದ್ದಿ ಭಾವನ ಫೋನಿಗೆ ಬರಲಿಲ್ಲ.

ಲಾರಿ ಸಾಗಣೆಯ ಆನ್‌ಲೈನ್ ಕಂಪನಿ ಬ್ಲ್ಯಾಕ್‌ಬಕ್‌ನ ಕಥೆಯೂ ಹಾಗೆಯೇ. 2025ರ ಸೆಪ್ಟೆಂಬರ್‌ನಲ್ಲಿ ಅದರ ಮುಖ್ಯಸ್ಥರು, ಒಂಬತ್ತು ವರ್ಷ ಹೊರವರ್ತುಲ ರಸ್ತೆಯಲ್ಲಿದ್ದು ಸಾಕಾಯಿತು, ಜನ ಬಂದು ಹೋಗೋಕೆ ಆಗುತ್ತಿಲ್ಲ, ಇಲ್ಲಿಂದ ಹೊರಡುತ್ತೇವೆ ಅಂತ ಬರೆದರು. ಆಂಧ್ರದ ಮಂತ್ರಿ ನಾರಾ ಲೋಕೇಶ್ ತಕ್ಷಣ ನಮ್ಮಲ್ಲಿಗೆ ಬನ್ನಿ ಅಂದರು. ಆಮೇಲೆ ಕಂಪನಿಯವರು ಸ್ಪಷ್ಟ ಮಾಡಿದರು: ಬೆಂಗಳೂರು ಬಿಡುತ್ತಿಲ್ಲ, ಊರೊಳಗೇ ಬೇರೆ ಕಡೆ ಹೋಗುತ್ತೇವೆ ಅಂತ. ಮೊದಲನೇ ಮಾತು ನಮ್ಮ ಕುಟುಂಬದ ಗ್ರೂಪಿನಲ್ಲಿ ನಾಲ್ಕು ಸಲ ಬಂತು. ಎರಡನೆಯದು ಬರಲೇ ಇಲ್ಲ.

ಹಾಗಂತ ಎಲ್ಲಾ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಊರು ದುಡಿಯುತ್ತಿದೆ ಅಂತಷ್ಟೇ ಹೇಳುತ್ತಿದ್ದೇನೆ. ವಿದೇಶಿ ಕಂಪನಿಗಳು ಸ್ವಂತ ಕೆಲಸಕ್ಕೆ ನಡೆಸುವ ಆಫೀಸುಗಳು, ಅಂದರೆ ಈಗ ಎಲ್ಲರ ಬಾಯಲ್ಲೂ ಇರುವ ಜಿಸಿಸಿಗಳು, ದೇಶದಲ್ಲಿ ಅತಿ ಹೆಚ್ಚು ಇರುವುದು ಇಲ್ಲೇ. ದೇವನಹಳ್ಳಿ ಬಳಿ ಫಾಕ್ಸ್‌ಕಾನ್‌ನವರು ಐಫೋನ್ ಜೋಡಿಸುತ್ತಿದ್ದಾರೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರದ್ದೇ. ಇದನ್ನ ಮುಳುಗುವ ಊರು ಅನ್ನೋಕೆ ಆಗಲ್ಲ.

ಕುಸಿತ ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಕಣ್ಣಾರೆ ನೋಡಿದವರು ದೊಡ್ಡಪ್ಪ ಒಬ್ಬರೇ. ತಮಾಷೆ ಅಂದರೆ ಅವರು ಅದನ್ನ ಕುಸಿತ ಅಂತ ಕರೆಯೋದೇ ಇಲ್ಲ.

ಊರಿನ ದೊಡ್ಡ ಸರ್ಕಾರಿ ಕಾರ್ಖಾನೆಗಳ ಪೈಕಿ ಎಚ್‌ಎಎಲ್ 1940ರಲ್ಲಿ ಬಂತು. ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954, ಬಿಇಎಂಎಲ್ 1964. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ 1961ರಲ್ಲಿ ಇಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿತು. ಆಗ ಹೆಣ್ಣು ಕೊಡುವವರು ಹುಡುಗನ ಸಂಬಳ ಕೇಳುತ್ತಿರಲಿಲ್ಲ, ಯಾವ ಫ್ಯಾಕ್ಟರಿ ಅಂತ ಕೇಳುತ್ತಿದ್ದರು. ಮದುವೆಗೆ 'ಕಾಂಚನ' ವಾಚು ಬೇಕು ಅಂದರೆ ಒಳಗಿನವರ ಪರಿಚಯ ಬೇಕಿತ್ತು. ದೊಡ್ಡಪ್ಪನ ಮನೆಗೆ ಬರುತ್ತಿದ್ದ ನೆಂಟರಲ್ಲಿ ಅರ್ಧ ಜನ ಬರುತ್ತಿದ್ದುದೇ ಅದಕ್ಕೆ. 1980–81ರ ಚಳಿಗಾಲದಲ್ಲಿ ಈ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಎರಡು ತಿಂಗಳಿಗೂ ಮೀರಿ ಮುಷ್ಕರ ಕೂತರು. ಅಂದರೆ ಊರಿನ ದುಡಿಮೆ ಅವರ ಕೈಯಲ್ಲಿತ್ತು, ಅವರು ಕೈ ಕಟ್ಟಿದರೆ ಊರು ನಿಲ್ಲುತ್ತಿತ್ತು.

1984ರಲ್ಲಿ ಟಾಟಾದವರು ತಮಿಳುನಾಡಿನ ಸರ್ಕಾರಿ ನಿಗಮದ ಜೊತೆ ಸೇರಿ ಟೈಟನ್ ಶುರು ಮಾಡಿದರು. ಕಾರ್ಖಾನೆ ಹೊಸೂರಿನಲ್ಲಿ. ಬೆಂಗಳೂರಿನಿಂದ 40 ಕಿಲೋಮೀಟರ್, ಗಡಿಯ ಆಚೆ ಬದಿ. ಪಕ್ಕದ ರಾಜ್ಯ ನಮ್ಮದನ್ನ ಎತ್ತಿಕೊಂಡು ಹೋಯಿತು ಅನ್ನೋ ಮಾತು ಇವತ್ತಿನದ್ದಲ್ಲ, ನೋಡಿ. ಟೈಟನ್ ಪೂರ್ತಿ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚಿನ ಹಿಂದೆ ಬಿತ್ತು. ಎಚ್‌ಎಂಟಿಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲ ಅಂತಲ್ಲ. ಅದೂ ಮಾಡಿತ್ತು. ಆದರೆ ಕೀ ಕೊಡುವ ವಾಚನ್ನೇ ನಂಬಿ ಕೂತಿತು. ಗಿರಾಕಿ ಎದ್ದು ಹೋದ.

ದೊಡ್ಡಪ್ಪ ಅದನ್ನ ಹೇಳುವಾಗ ಲಾಭ ನಷ್ಟದ ಮಾತಾಡಲ್ಲ. ಮೊದಲು ಅಪ್ರೆಂಟಿಸ್ ಹುಡುಗರು ಬರೋದು ನಿಂತಿತಂತೆ. ಪ್ರತಿ ವರ್ಷ ಹೊಸ ಮುಖ ಕಾಣುತ್ತಿದ್ದ ಶಾಪ್‌ನಲ್ಲಿ ಅದೇ ಅದೇ ಮುಖಗಳು, ಒಂದೊಂದು ವರ್ಷ ವಯಸ್ಸಾಗಿ. ಆಮೇಲೆ ಓಟಿ ನಿಂತಿತು. ಆಮೇಲೆ ಕಂಪನಿ ಬಸ್ಸು. ನಾಲ್ಕು ಬಸ್ ಬರುತ್ತಿದ್ದ ಕಡೆ ಎರಡು, ಕೊನೆಗೆ ಒಂದು. ಶೆಟ್ಟರ ಅಂಗಡಿಯ ಸಾಲದ ಪುಸ್ತಕ ಒಂದರಿಂದ ಮೂರಾಯಿತು. ವಿಆರ್‌ಎಸ್ ನೋಟಿಸು ಬರುವ ಹೊತ್ತಿಗೆ ಕ್ವಾರ್ಟರ್ಸ್‌ನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಆದರೆ ದೊಡ್ಡಪ್ಪನ ಮಟ್ಟಿಗೆ ಅದು ಎಂದೋ ಮುಚ್ಚಿತ್ತು.

ಈಗ ಇನ್ನೊಂದು ಬದಿ ನೋಡಿ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನವರು ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದದ್ದು 1983ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985. ಎಚ್‌ಎಂಟಿ ಇದ್ದ ಜಾಲಹಳ್ಳಿಯಲ್ಲಿ ಬಸ್ಸು ಕಡಿಮೆಯಾಗುತ್ತಿದ್ದ ವರ್ಷಗಳಲ್ಲೇ ಹೊಸೂರು ರಸ್ತೆಯಲ್ಲಿ ಬಸ್ಸು ಜಾಸ್ತಿಯಾಗುತ್ತಿತ್ತು. ಬಟ್ಟೆ ನೇಯುತ್ತಿದ್ದ ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಟೈಟನ್‌ನ ಮುಖ್ಯ ಕಚೇರಿ ಈಗ ಎಲ್ಲಿದೆ ಗೊತ್ತಾ? ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ವಾಚ್ ಕಾರ್ಖಾನೆ ಕಳೆದುಕೊಂಡ ಊರಿಗೆ ವಾಚ್ ಕಂಪನಿಯೇ ಬಂದು ಕೂತಿದೆ. ಊರಿನ ಲೆಕ್ಕದಲ್ಲಿ ಇದು ಲಾಭ. ದೊಡ್ಡಪ್ಪನ ಜೊತೆ ಕೆಲಸ ಮಾಡುತ್ತಿದ್ದವರಲ್ಲಿ ಒಬ್ಬರು ವಿಆರ್‌ಎಸ್ ದುಡ್ಡನ್ನ ಚೀಟಿಗೆ ಹಾಕಿ ಕಳೆದುಕೊಂಡು, ಅರವತ್ತು ದಾಟಿದ ಮೇಲೆ ಒಂದು ಟೆಕ್ ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿ ಆದರು. ಅವರ ಮನೆಯ ಲೆಕ್ಕದಲ್ಲಿ ಇದನ್ನ ಏನಂತ ಬರೆಯೋದು?

ದೊಡ್ಡಪ್ಪ ಬಚಾವಾಗಿದ್ದು ಸೊಸೈಟಿಯಿಂದ ಸಿಕ್ಕ ಮೂವತ್ತು ನಲವತ್ತು ಸೈಟಿನಿಂದ. ಕೆಳಗೆ ಅವರು, ಮೇಲೆ ಎರಡು ಬಾಡಿಗೆ ಮನೆ. ಕಾರ್ಖಾನೆ ಕೊಡದೆ ಹೋದದ್ದನ್ನ ನೆಲ ಕೊಟ್ಟಿತು. ಅವರಿಗೆ ಎಂಬತ್ತು ತೊಂಬತ್ತರ ದಶಕ ಕುಸಿತ ಅಂತ ಅನ್ನಿಸದೆ ಇರೋದು ಅದಕ್ಕೇ ಅಂತ ನನ್ನ ಗುಮಾನಿ. ಭಾವನಿಗೆ ಅದೇ ನೆಲ ಕೈಗೆ ಸಿಗುತ್ತಿಲ್ಲ. ಸಂಬಳ ದೊಡ್ಡದೇ. ಆದರೆ ಬಾಡಿಗೆ, ಮಗುವಿನ ಶಾಲೆಗೆ ಕೂಡಿಡೋದು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಎಲ್ಲಾ ಕಳೆದ ಮೇಲೆ ಕೈಯಲ್ಲಿ ಉಳಿಯುವುದು ಸ್ವಲ್ಪ. ಊರು ಮುಳುಗಿತು ಅಂತ ಅವರು ಅನ್ನುವಾಗ ಅದರಲ್ಲಿ ಈ ಸಿಟ್ಟೂ ಇದೆ.

ಇನ್ನು ನಡೆಸುವವರ ವಿಚಾರ. ಇಲ್ಲಿ ಮಾತ್ರ ನಾನು ಮೂವರ ಮೇಲೂ ಸಿಟ್ಟಾಗುತ್ತೇನೆ.

ನಮ್ಮ ಬೀದಿಯಲ್ಲಿ ಪೈಪ್ ಹಾಕಲು ರಸ್ತೆ ಅಗೆದರು. ಮಣ್ಣು ತುಂಬಿ ಹೋದರು. ಮಳೆ ಬಂತು, ಮಣ್ಣು ಕೂತಿತು, ಹಾಲಿನ ಗಾಡಿ ಹೂತುಕೊಂಡಿತು. ದೂರು ಕೊಟ್ಟೆ. ಎಂಟು ದಿನಕ್ಕೆ ಮೆಸೇಜ್ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಆ ಮೆಸೇಜನ್ನ ನಾನು ಗುಂಡಿಯ ಪಕ್ಕದಲ್ಲೇ ನಿಂತು ಓದಿದೆ. ಎಂಜಿನಿಯರ್ ಯಾರು ಅಂತ ವಿಚಾರಿಸಿದರೆ ವರ್ಗ ಆಗಿದ್ದಾರೆ ಅಂದರು. ಮೊದಲು ಹೀಗಿರಲಿಲ್ಲ. ಎರಡು ಕ್ರಾಸ್ ಆಚೆ ಕಾರ್ಪೊರೇಟರ್ ಮನೆ ಇತ್ತು. ಸಾಧುವೇನಲ್ಲ ಆ ಮನುಷ್ಯ. ಕಮಿಷನ್ ವಿಚಾರ ಬೀದಿಗೆಲ್ಲ ಗೊತ್ತಿತ್ತು. ಆದರೆ ಬೆಳಿಗ್ಗೆ ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ ಸಿಕ್ಕಿಬೀಳುತ್ತಿದ್ದ. ನಾಲ್ಕು ಜನ ನಿಂತು ಬೈದರೆ ಮಧ್ಯಾಹ್ನ ಜಲ್ಲಿ ಬರುತ್ತಿತ್ತು.

ಆ ಮನುಷ್ಯನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಬಿಬಿಎಂಪಿಗೆ ಕೊನೆಯ ಚುನಾವಣೆ ಆಗಿದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡಿಗೆ. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಆಗಲಿಲ್ಲ. ವಾರ್ಡುಗಳನ್ನ 243 ಮಾಡಿದರು, ಆಮೇಲೆ 225 ಅಂದರು, ಕೋರ್ಟಿಗೆ ಹೋದರು, ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನೇ ಎತ್ತಿ ಐದು ಪಾಲಿಕೆ ಮಾಡಿದರು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಒಟ್ಟಿನಲ್ಲಿ ಪೂರ್ತಿ ಐದು ವರ್ಷ, ಅಂದರೆ ಒಂದು ಕೌನ್ಸಿಲ್‌ನ ಇಡೀ ಅವಧಿ, ಕೋಟಿಗೂ ಹೆಚ್ಚು ಜನರ ಊರು ಒಬ್ಬ ಕಾರ್ಪೊರೇಟರೂ ಇಲ್ಲದೆ ಕಳೆಯಿತು. 2025–26ರ ಸುಮಾರು 20 ಸಾವಿರ ಕೋಟಿಯ ಪಾಲಿಕೆ ಬಜೆಟ್ಟನ್ನ ಅಧಿಕಾರಿಗಳೇ ಮಂಡಿಸಿದರು, ಅಧಿಕಾರಿಗಳೇ ಒಪ್ಪಿದರು.

ಇದು ಮೊದಲ ಸಲವೂ ಅಲ್ಲ. 2006ರ ಕೊನೆಗೆ ಹಳೇ ಕೌನ್ಸಿಲ್ ಹೋಯಿತು. 2007ರಲ್ಲಿ ಸುತ್ತಲಿನ ನಗರಸಭೆಗಳು, 110 ಹಳ್ಳಿಗಳನ್ನ ಸೇರಿಸಿ ಬಿಬಿಎಂಪಿ ಮಾಡಿದರು. ಚುನಾವಣೆ ಆಗಿದ್ದು 2010ರ ಮಾರ್ಚ್‌ನಲ್ಲಿ. ಆ ಸಲ ವಿಧಾನಸೌಧದಲ್ಲಿ ಇದ್ದವರು ದಳ ಮತ್ತು ಬಿಜೆಪಿ, ನಡುವೆ ರಾಷ್ಟ್ರಪತಿ ಆಳ್ವಿಕೆ. ಈ ಸಲ ಮೊದಲು ಬಿಜೆಪಿ, 2023ರಿಂದ ಕಾಂಗ್ರೆಸ್. ನಮ್ಮ ಪಂಕ್ತಿಯಲ್ಲಿ ಕೂತಿದ್ದ ಮೂರೂ ಪಕ್ಷಗಳ ಎಲೆಯಲ್ಲಿ ಈ ಉಪ್ಪಿನಕಾಯಿ ಇದೆ. ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಬೆಂಗಳೂರಿಗೆ 28 ಶಾಸಕರು. ಕಾರ್ಪೊರೇಟರ್ ಇಲ್ಲದಿದ್ದರೆ ವಾರ್ಡಿನ ಕೆಲಸ, ಕಂಟ್ರಾಕ್ಟರು, ಪೂಜೆಗೆ ತೆಂಗಿನಕಾಯಿ ಒಡೆಯೋದು ಎಲ್ಲಾ ಅವರ ಕೈಗೇ ಬರುತ್ತದೆ. ಅದನ್ನ ಯಾರು ತಾನೇ ಬಿಟ್ಟುಕೊಡುತ್ತಾರೆ?

ಆ 110 ಹಳ್ಳಿಗೆ ಕಾವೇರಿ ಐದನೇ ಹಂತದ ನೀರು, ದಿನಕ್ಕೆ 77.5 ಕೋಟಿ ಲೀಟರ್ ಯೋಜನೆ, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಊರಿಗೆ ಸೇರಿಸಿ ಹದಿನೇಳು ವರ್ಷ ಆದ ಮೇಲೆ. ಮಹದೇವಪುರ ಕಡೆಯ ಹಲವು ಹಳ್ಳಿ ಅದರಲ್ಲಿದ್ದವು, ಅಂದರೆ ಊರಿನ ದುಡಿಮೆ ನಡೆಯುವ ಜಾಗವೇ. 2022ರ ಸೆಪ್ಟೆಂಬರ್‌ನಲ್ಲಿ ಆ ಕಡೆ ರಾಜಕಾಲುವೆ ಉಕ್ಕಿ, ಕೆರೆ ತುಂಬಿ, ಎಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಭಾವನೂ ಹೋಗಿದ್ದರು. ಆ ಫೋಟೋ ಅಕ್ಕನ ಫೋನಿನಲ್ಲಿ ಇನ್ನೂ ಇದೆ, ಬ್ಯಾಗನ್ನ ತಲೆ ಮೇಲೆ ಇಟ್ಟುಕೊಂಡು ನಗುತ್ತಿದ್ದಾರೆ. ಊರಲ್ಲಿ ವಾಹನಗಳು ಒಂದು ಕೋಟಿ ದಾಟಿವೆ, ಬಿಎಂಟಿಸಿ ಬಸ್ಸು ಸುಮಾರು 7 ಸಾವಿರ. ಮೆಟ್ರೋದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ಗುಂಡಿ ಬಗ್ಗೆ ನಾನು ಹೇಳೋದು ಏನೂ ಉಳಿದಿಲ್ಲ, ನೀವೇ ಬಿದ್ದಿರುತ್ತೀರಿ.

ಬಿಟ್ಟಿ ಭಾಗ್ಯದಿಂದ ಹೀಗಾಯಿತು ಅನ್ನೋ ದೊಡ್ಡಪ್ಪನ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಜಾಸ್ತಿ ಇಲ್ಲ. 2025–26ರ ರಾಜ್ಯ ಬಜೆಟ್ 4.09 ಲಕ್ಷ ಕೋಟಿ. ಅದರಲ್ಲಿ ಐದು ಗ್ಯಾರಂಟಿಗೆ ಸುಮಾರು 51 ಸಾವಿರ ಕೋಟಿ, ಅಂದರೆ ಎಂಟರಲ್ಲಿ ಒಂದು ಪಾಲು. ಅಷ್ಟು ದುಡ್ಡು ಅಲ್ಲಿ ಹೋದರೆ ಬೇರೆ ಕೆಲಸಕ್ಕೆ ಬಿಗಿಯಾಗುತ್ತದೆ, ಒಪ್ಪೋಣ. ಆದರೆ ಗುಂಡಿ 2023ರಲ್ಲಿ ಹುಟ್ಟಿದ್ದಲ್ಲ. ಮತ್ತೆ ದೊಡ್ಡಪ್ಪನ ಮೇಲಿನ ಮನೆಯಲ್ಲೇ ಬಾಡಿಗೆಗಿರುವ ಹೆಂಗಸು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬಿಟ್ಟಿ ಬಸ್ಸು ಇರದಿದ್ದರೆ ಅವರಿಗೆ ಬೇಕಾಗುತ್ತಿದ್ದ ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸು ಈಗ 1,200 ರೂಪಾಯಿ. ಅವರ ಸಂಬಳದಲ್ಲಿ ಅದು ಚಿಲ್ಲರೆ ಅಲ್ಲ. ಅವರು ಬಾಡಿಗೆಯನ್ನ ಒಂದನೇ ತಾರೀಖೇ ಕೊಡುತ್ತಾರೆ ಅಂತ ದೊಡ್ಡಪ್ಪನೇ ಹೊಗಳುತ್ತಾರೆ. ಬೆಂಗಳೂರಿನ ದುಡಿಮೆ ಅಂದ ತಕ್ಷಣ ನಮಗೆ ಲ್ಯಾಪ್‌ಟಾಪ್ ಬ್ಯಾಗೇ ನೆನಪಾಗುತ್ತದೆ. 2016ರಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮ ಬಿಗಿ ಮಾಡಿದಾಗ, ಏಪ್ರಿಲ್‌ನಲ್ಲಿ ಈ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆ ತಡೆದು ನಿಂತರು. ಕೇಂದ್ರ ಸರ್ಕಾರ ಆ ನಿಯಮವನ್ನ ವಾಪಸ್ ತಗೊಂಡಿತು. ಅವತ್ತು ಊರಿಗೆ ಅವರು ಕಂಡರು, ಆಮೇಲೆ ಮತ್ತೆ ಮರೆತೆವು.

ತಮ್ಮನ ದಿಲ್ಲಿ ಮಾತಿನಲ್ಲಿ ಅವನು ಅಂದುಕೊಂಡದ್ದಕ್ಕಿಂತ ಜಾಸ್ತಿ ವಿಷಯ ಇದೆ. ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ನೂರಕ್ಕೆ 4.713 ಇತ್ತು. 15ನೆಯದರಲ್ಲಿ 3.647ಕ್ಕೆ ಇಳಿಯಿತು. ಆ ಸೂತ್ರದಲ್ಲಿ ನೂರಕ್ಕೆ 45ರಷ್ಟು ತೂಕ ಇದ್ದದ್ದು ತಲಾ ಆದಾಯಕ್ಕೆ. ನಿಮ್ಮ ರಾಜ್ಯದ ಆದಾಯ ಜಾಸ್ತಿಯಾದಷ್ಟೂ ಪಾಲು ಕಡಿಮೆ. ನಮ್ಮ ಆದಾಯವನ್ನ ಮೇಲಕ್ಕೆ ಎತ್ತುವುದು ಬೆಂಗಳೂರು. ಬೆಂಗಳೂರು ದುಡಿಯಿತು ಅಂತ ಕಲಬುರಗಿಗೂ ತುರುವೇಕೆರೆಗೂ ಸೇರಿಸಿ ಕತ್ತರಿಸಿದ ಹಾಗೆ. ಆದರೆ ಅದಕ್ಕೂ ನಮ್ಮ ಬೀದಿಯ ಗುಂಡಿಗೂ ಸಂಬಂಧ ಜೋಡಿಸೋದು ಕಷ್ಟ. ಪಾಲು 4.7 ಇದ್ದಾಗಲೂ ಗುಂಡಿ ಇತ್ತು.

ಸ್ಥಳೀಯರಿಗೆ ಕೆಲಸ ಅನ್ನೋ ಜಗಳವೂ ಬಂತು, ಅದು ಬರದೆ ನಮ್ಮ ಮನೆ ಊಟ ಮುಗಿಯಲ್ಲ. 2024ರ ಜುಲೈನಲ್ಲಿ ಖಾಸಗಿಯಲ್ಲಿ ಮೇಲ್ದರ್ಜೆಗೆ ನೂರಕ್ಕೆ 50, ಕೆಳಗಿನದಕ್ಕೆ ಇನ್ನೂ ಜಾಸ್ತಿ ಮೀಸಲು ಅಂತ ಮಸೂದೆಗೆ ಸಂಪುಟ ಒಪ್ಪಿ, ಕಂಪನಿಗಳು ಕೂಗಿದ ತಕ್ಷಣ ಪಕ್ಕಕ್ಕಿಟ್ಟಿತು. ತಮ್ಮ ಬೇಕಿತ್ತು ಅಂದ, ಭಾವ ಹುಚ್ಚು ಅಂದರು. ನನಗೆ ಕಾಣುವುದು ಬೇರೆ. ದೊಡ್ಡ ಐಟಿ ಸೇವಾ ಕಂಪನಿಗಳು ಕಾಲೇಜಿನಿಂದ ಬಂದ ಹುಡುಗರಿಗೆ ಹತ್ತು ಹದಿನೈದು ವರ್ಷದ ಹಿಂದೆ ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಕೊಡುತ್ತಿದ್ದವು. ಈಗಲೂ ಮೂರೂವರೆ ಲಕ್ಷದ ಆಸುಪಾಸೇ. ಪಿಜಿ ಬಾಡಿಗೆ ಮಾತ್ರ ಅಲ್ಲೇ ನಿಲ್ಲಲಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ 12 ಸಾವಿರದಷ್ಟು ಜನರನ್ನ ತೆಗೆಯುತ್ತೇವೆ ಅಂದಾಗ ನಮ್ಮ ಗ್ರೂಪಿನಲ್ಲಿ ಯಾರೂ ಪಕ್ಷದ ಮಾತಾಡಲಿಲ್ಲ. ಎರಡು ದಿನ ಗ್ರೂಪೇ ಮೌನವಾಗಿತ್ತು. ತಮ್ಮನಿಗೆ ಆ ಸುದ್ದಿ ಬೇರೆ ದಾರಿಯಲ್ಲಿ ಗೊತ್ತಿತ್ತು. ಅವನ ದುಡಿಮೆ ಆಫೀಸಿನವರನ್ನ ಕರೆತಂದು ಬಿಡುವ ಲಾಗಿನ್ ಲಾಗೌಟ್ ಟ್ರಿಪ್‌ನಲ್ಲಿದೆ. ಯಾವ ಕಂಪನಿ ಯಾವ ರೂಟ್ ಕಿತ್ತುಹಾಕಿತು ಅಂತ ಪೇಪರಿಗಿಂತ ಮೊದಲು ಅವನಿಗೆ ತಿಳಿಯುತ್ತದೆ.

ಅವತ್ತು ಕೈ ತೊಳೆದು ಬಂದು ಎಲೆ ಅಡಿಕೆ ಹಾಕಿಕೊಳ್ಳುವಾಗ ಜಗಳ ತಣ್ಣಗಾಗಿತ್ತು. ದೊಡ್ಡಪ್ಪ ವಾಚು ಬಿಚ್ಚಿ ಕೀ ಕೊಡುತ್ತಾ ಭಾವನನ್ನ ಕೇಳಿದರು.

"ನಿಮ್ಮಲ್ಲಿ ಹೊಸ ಹುಡುಗರನ್ನ ತಗೋತಾ ಇದಾರಾ?"

"ಈ ವರ್ಷ ಕಾಲೇಜಿಂದ ಯಾರೂ ಬಂದಿಲ್ಲ ಮಾವ. ಅನುಭವ ಇರೋರು ಒಬ್ಬಿಬ್ಬರು ಬಂದ್ರು."

"ಆಫೀಸ್ ಗಾಡಿ?"

"ಇದೆ. ಮೊದಲು ನಮ್ಮ ಕಡೆ ಮೂರು ಬರ್ತಿತ್ತು. ಈಗ ಒಂದೇ."

ದೊಡ್ಡಪ್ಪ ವಾಚು ಕಟ್ಟಿಕೊಂಡರು. "ಅದೇನೋ ಫ್ಲ್ಯಾಟ್ ಬುಕ್ ಮಾಡ್ತೀನಿ ಅಂತಿದ್ರಲ್ಲ, ಅಡ್ವಾನ್ಸ್ ಕೊಟ್ಟಾಯ್ತಾ?"

"ಇಲ್ಲ ಮಾವ. ಯುಗಾದಿ ಆದ್ಮೇಲೆ ಅಂತ ಇದೀವಿ."

"ಸ್ವಲ್ಪ ತಡೀರಿ" ಅಂದರು ದೊಡ್ಡಪ್ಪ.